ಉಗುರಕ್ಕನ ಗಟ್ಟಿ ರಿಬ್ಬನ್

ನಮ್ಮ ಮನೆಯಲ್ಲಿ ಎಲ್ಲರೂ ಹೆದರುವುದು ಚಿಕ್ಕಮ್ಮನ ಬಲಗೈ ಹೆಬ್ಬೆರಳಿನ ಉಗುರಿಗೆ. ಉಳಿದ ಉಗುರುಗಳನ್ನೆಲ್ಲ ಬುಡಕ್ಕೆ ಕತ್ತರಿಸಿ, ಅದೊಂದನ್ನು ಮಾತ್ರ ಬೆಳೆಸಿ, ತುದಿ ಉಜ್ಜಿ, ಮುದ್ದಾಗಿ ಸಾಕಿಕೊಂಡಿದ್ದಾಳೆ. ಯಾವ ವಸ್ತು ಕೈಗೆ ಬಂದರೂ ಅವಳು ಮೊದಲು ಓದುವುದಿಲ್ಲ, ಬೆಲೆ ಕೇಳುವುದಿಲ್ಲ, ಗೀರುತ್ತಾಳೆ. ಹೊಸ ಪಾತ್ರೆ ತಂದರೆ ತಳ ಗೀರುತ್ತಾಳೆ. ಮನೆಗೆ ಬಣ್ಣ ಹೊಡೆಸಿದಾಗ ಗೋಡೆ ಗೀರಿ ಬಣ್ಣದವನ ಕಣ್ಣಲ್ಲಿ ನೀರು ತರಿಸಿದ್ದಳು. ನನ್ನ ಪದವಿಯ ಪ್ರಮಾಣಪತ್ರ ಬಂದ ದಿನ ನಾನು ಹಿಗ್ಗಿ ಹೀರೇಕಾಯಿಯಾಗಿ ಅದನ್ನು ಅವಳ ಕೈಗಿಟ್ಟರೆ, ನನ್ನ ಹೆಸರಿನ ಮೇಲೆಯೇ ಉಗುರು ಎಳೆದು, "ಪರವಾಗಿಲ್ಲ, ಒಳ್ಳೇ ಶಾಯಿ," ಅಂದಳು. ಅಂಕ ಎಷ್ಟು ಎಂದು ಇವತ್ತಿನವರೆಗೂ ಕೇಳಿಲ್ಲ.

ಅವಳ ಮದುವೆ ತಪ್ಪಿದ್ದೂ ಇದೇ ಉಗುರಿನಿಂದ ಎಂದು ಅಮ್ಮ ಹೇಳುತ್ತಾಳೆ. ಅಮ್ಮ ಅವಳ ಅಕ್ಕ. ತಂಗಿಯ ವಿಷಯದಲ್ಲಿ ಅವಳ ಮಾತಿಗೆ ಸ್ವಲ್ಪ ಉಪ್ಪುಖಾರ ಜಾಸ್ತಿ. ಚಿಕ್ಕಮ್ಮನಿಗೆ ಇಪ್ಪತ್ತು ಚಿಲ್ಲರೆ ವಯಸ್ಸಿದ್ದಾಗ ಒಬ್ಬ ವರ ಮನೆಗೆ ಬಂದಿದ್ದನಂತೆ. ಮುಖಕ್ಕಿಂತ ಮುಂದೆ ಕೈಯಲ್ಲಿನ ಚಿನ್ನದ ಗಡಿಯಾರವನ್ನು ಮಾಡಿಕೊಂಡು ಕೂತಿದ್ದನಂತೆ. "ತುಂಬ ಚೆನ್ನಾಗಿದೆ, ಕೊಡಿ ನೋಡ್ತೀನಿ," ಎಂದು ಇವಳು ಕೈ ಚಾಚಿದಳು. ಒಂದೇ ಗೀರಿಗೆ ಚಿನ್ನವೆಲ್ಲ ಉಗುರಿನ ಸಂದಿಗೆ ಬಂತು. ಗಡಿಯಾರ ಹಾಳಾಗಲಿ ಎಂದು ಅವನ ಕೆಲಸ, ಅವನ ಮನೆ, ಅವನ ಓದು ಒಂದೊಂದಾಗಿ ವಿಚಾರಿಸಿದರೆ ಎಲ್ಲವೂ ಹಾಗೇ ಬಣ್ಣ ಬಿಟ್ಟವು. ಅಂದಿನಿಂದ ಚಿಕ್ಕಮ್ಮ ಮದುವೆಯ ಗೊಡವೆಗೆ ಹೋಗಲಿಲ್ಲ. ಐವತ್ತು ದಾಟಿದಳು, ನಮ್ಮ ಮಹಡಿಯ ಕೋಣೆಯಲ್ಲಿ ಒಬ್ಬಳೇ ಇದ್ದಳು, ಒಬ್ಬಳೇ ಇದ್ದೀನಿ ಎಂದು ಯಾವತ್ತೂ ಹೇಳಲಿಲ್ಲ.

ಆ ಉಗುರಿಗೆ ತಕ್ಕ ಕಸುಬು ಅವಳಿಗೆ ಸಿಕ್ಕಿತ್ತು: ಲೇಬಲ್ ಮುದ್ರಣ. ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ನಮ್ಮ ಅಂಗಡಿ. ನಾಲ್ಕು ಜನ ಒಳಗೆ ಬಂದರೆ ಐದನೆಯವರು ಬಾಗಿಲಲ್ಲೇ ನಿಲ್ಲಬೇಕು, ಅಷ್ಟು ಅಗಲ. ಗೋಡೆ ತುಂಬ ರಿಬ್ಬನ್ನಿನ ಸುರುಳಿಗಳು, ಮೇಜಿನ ಗಾಜಿನಡಿಯಲ್ಲಿ ಊರಿನ ಎಲ್ಲ ಶಾಂಪೂ, ಬಿಸ್ಕತ್ತು, ನೋವಿನೆಣ್ಣೆಗಳ ಹೆಸರು. ನಾನು ಕಂಪ್ಯೂಟರಿನ ಮುಂದೆ ಕೂತು ಅಕ್ಷರ ಜೋಡಿಸುತ್ತೇನೆ. ರಿಬ್ಬನ್ ಆರಿಸುವುದು ಚಿಕ್ಕಮ್ಮನ ಕೆಲಸ. ಆ ಕಡೆ ನಾನು ಮೂಗು ತೂರಿಸುವಂತಿಲ್ಲ.

ಹೇಳಿದರೆ ಸುಲಭ. ಯಂತ್ರದೊಳಗೆ ಬಾಚಣಿಗೆಯಷ್ಟು ಉದ್ದದ ಒಂದು ತಲೆ ಇರುತ್ತದೆ, ಅದು ಬಿಸಿಯಾಗುತ್ತದೆ. ತಲೆಯ ಕೆಳಗೆ ಕಪ್ಪು ರಿಬ್ಬನ್, ರಿಬ್ಬನ್ನಿನ ಕೆಳಗೆ ಲೇಬಲ್. ಬಿಸಿ ತಾಗಿದ ಕಡೆ ರಿಬ್ಬನ್ನಿನ ಬಣ್ಣ ಕರಗಿ ಲೇಬಲ್ಲಿನ ಮೇಲೆ ಕೂರುತ್ತದೆ. ಆದರೆ ಕೂತದ್ದು ಏಳಬಾರದಲ್ಲ, ವಿದ್ಯೆ ಇರುವುದು ಅಲ್ಲಿ. ಮೇಣದ ರಿಬ್ಬನ್ ಬೇಗ ಕರಗಿ ಕಾಗದಕ್ಕೆ ಸೊಗಸಾಗಿ ಹತ್ತುತ್ತದೆ, ಒರೆಸಿದರೆ ಅಷ್ಟೇ ಸೊಗಸಾಗಿ ಹೊರಟುಹೋಗುತ್ತದೆ. ರೆಸಿನ್, ಅಂದರೆ ರಾಳದ, ರಿಬ್ಬನ್ನಿಗೆ ಜಾಸ್ತಿ ಬಿಸಿ ಬೇಕು, ಯಂತ್ರ ನಿಧಾನವಾಗಿ ಓಡಬೇಕು, ಅದಕ್ಕೆ ಹೊಂದುವ ಪ್ಲಾಸ್ಟಿಕ್ ಲೇಬಲ್ಲೇ ಬೇಕು. ಆದರೆ ಒಮ್ಮೆ ಕೂತರೆ ಜಪ್ಪಯ್ಯ ಅಂದರೂ ಏಳುವುದಿಲ್ಲ. ಎರಡನ್ನೂ ಬೆರೆಸಿ ಮಾಡಿದ್ದು ಇನ್ನೊಂದು ಜಾತಿ. ಕಂಪನಿಯವರು ಇವಕ್ಕೆ ಉದ್ದುದ್ದ ಹೆಸರಿಟ್ಟಿದ್ದಾರೆ. ಚಿಕ್ಕಮ್ಮನಿಗೆ ಅವು ಮೆತ್ತಂದು, ನಡುವಿನದು, ಗಟ್ಟೀದು.

ಯಾವುದು ಬೇಕು ಎಂದು ಅವಳು ಗಿರಾಕಿಯನ್ನು ಕೇಳುವುದಿಲ್ಲ. ಬೇರೆ ಪ್ರಶ್ನೆ ಕೇಳುತ್ತಾಳೆ. "ಯಾವುದಕ್ಕೆ ಅಂಟಿಸ್ತೀರಿ? ಯಾರು ಮುಟ್ತಾರೆ? ಎಷ್ಟು ದಿನ ಇರಬೇಕು?" ಜನ ಇದಕ್ಕೆ ಕೊಡುವ ಉತ್ತರ ಕೇಳಿದರೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ಸಾಬೂನು ಮಾಡುವವರು ಬಂದು, ಇದನ್ನು ಯಾರೂ ಮುಟ್ಟುವುದಿಲ್ಲ ಎಂದಿದ್ದರು. ಮಂಜುಗಡ್ಡೆಯ ಕಾರ್ಖಾನೆಯವರು, ನಮ್ಮದರಲ್ಲಿ ನೀರಿನ ಪ್ರಶ್ನೆಯೇ ಬರುವುದಿಲ್ಲ ಎಂದಿದ್ದರು. ಚಿಕ್ಕಮ್ಮ ಎಲ್ಲರ ಮುಖ ನೋಡಿ, ಹೇಳದೆ ಬಿಟ್ಟದ್ದನ್ನು ತಾನೇ ಊಹಿಸಿ, ಗೋಡೆಯಿಂದ ಒಂದು ಸುರುಳಿ ಇಳಿಸುತ್ತಿದ್ದಳು. ಆಮೇಲೆ ಮುದ್ರಿಸುವುದು, ಗೀರುವುದು, ಎಣ್ಣೆ ಹಚ್ಚಿ ಉಜ್ಜುವುದು, ನೀರಲ್ಲಿ ನೆನೆಸಿ ಉಜ್ಜುವುದು. ಬಾಗಿಲ ಮೇಲೆ ನೀಲಿ ತಗಡಿನ ಬೋರ್ಡು. ಅದರಲ್ಲಿ ಅವಳೇ ಕೈಯಾರೆ ಬರೆದ ಎರಡು ಪದ: ಅಳಿಸಿದರೆ ಹೊಸದು. ಅಂಗಡಿ ತೆರೆದಾಗಿನಿಂದ ಯಾರಿಗೂ ಹೊಸದು ಕೊಡುವ ಪ್ರಮೇಯ ಬಂದಿರಲಿಲ್ಲ. ಅವಳು ಒಡವೆ ಹಾಕುವವಳಲ್ಲ. ಆ ಬೋರ್ಡೇ ಅವಳ ಒಡವೆಯಾಗಿತ್ತು.

ಇಂಥವಳ ಅಂಗಡಿಗೆ ಒಂದು ಬೆಳಿಗ್ಗೆ ಗಿಡದ ಮೇಷ್ಟ್ರು ಬಂದರು, ಮೊಣಕಾಲವರೆಗೆ ಮಣ್ಣು ಮೆತ್ತಿಕೊಂಡು. ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾಗಿ ಊರಾಚೆ ಸಸಿಗಳ ನರ್ಸರಿ ಇಟ್ಟಿದ್ದವರು. ಮದುವೆಯಾಗಬೇಕು ಎಂದು ನೆನಪಾಗುವ ಹೊತ್ತಿಗೆ ನಿವೃತ್ತಿಯಾಯಿತು ಎಂದು ಅವರೇ ಹೇಳಿಕೊಂಡು ನಗುತ್ತಿದ್ದರು.

"ಕುಂಡಕ್ಕೆ ಅಂಟಿಸೋ ಹೆಸರುಚೀಟಿ ಬೇಕಿತ್ತಮ್ಮ," ಅಂದರು. "ಪ್ಲಾಸ್ಟಿಕ್ ಕುಂಡ. ದಿನವೆಲ್ಲ ಬಿಸಿಲು, ಬೆಳಿಗ್ಗೆ ಸಂಜೆ ನೀರು, ಆಗಾಗ ಗೊಬ್ಬರದ ನೀರು."

ಚಿಕ್ಕಮ್ಮನ ಹುಬ್ಬು ಮೇಲೇರಿತು. ಕೇಳುವ ಮೊದಲೇ ಇಷ್ಟನ್ನು ಹೇಳಿದ ಗಿರಾಕಿಯನ್ನು ಅವಳು ಕಂಡಿರಲಿಲ್ಲ.

"ಯಾರು ಮುಟ್ತಾರೆ?"

"ಯಾರೂ ಇಲ್ಲ, ನಾನೊಬ್ಬನೇ."

"ಎಷ್ಟು ದಿನ ಇರಬೇಕು?"

ಜನ ಇದಕ್ಕೆ ಒಂದು ತಿಂಗಳು, ಒಂದು ವರ್ಷ ಎನ್ನುತ್ತಾರೆ. ಮೇಷ್ಟ್ರು ಫ್ಯಾನು ನೋಡುತ್ತ ಯೋಚಿಸಿ, "ಗಿಡ ಇರೋವರೆಗೂ ಇದ್ರೆ ಸಾಕು," ಅಂದರು.

"ಗಿಡ ಎಷ್ಟು ದಿನ ಇರುತ್ತೆ?"

"ನಾನು ನೋಡ್ಕೊಂಡ್ರೆ ಬಹಳ ದಿನ ಇರುತ್ತೆ."

ಚಿಕ್ಕಮ್ಮ ಗೋಡೆಯ ಕಡೆ ತಿರುಗಿದಳು. ಪ್ಲಾಸ್ಟಿಕ್ ಲೇಬಲ್ಲಿಗೆ ನಡುವಿನ ರಿಬ್ಬನ್ ಹಾಕಿದಳು. ಬಿಸಿಲಿಗೂ ನೀರಿಗೂ ಅದು ಸಾಕು, ಯಾರನ್ನು ಕೇಳಿದರೂ ಅದನ್ನೇ ಹೇಳುತ್ತಾರೆ. ಮೇಷ್ಟ್ರು ನನ್ನ ಭುಜದ ಮೇಲಿಂದ ಇಣುಕಿ ಕಾಗುಣಿತ ತಿದ್ದಿದರು, ಕುರ್ಚಿಯಲ್ಲಿ ನೆಟ್ಟಗೆ ಕೂರು ಎಂದು ಗದರಿದರು, ಲೇಬಲ್ಲುಗಳನ್ನು ಬೆಚ್ಚಗೆ ಕರವಸ್ತ್ರದಲ್ಲಿ ಸುತ್ತಿಕೊಂಡು ಹೋದರು. ಅವರು ಗಲ್ಲಿ ದಾಟುವವರೆಗೂ ಚಿಕ್ಕಮ್ಮ ಬಾಗಿಲ ಬಳಿ ಏನನ್ನೋ ಹುಡುಕುತ್ತಿದ್ದಳು. ಅಲ್ಲಿ ಹುಡುಕುವಂಥದ್ದು ಏನೂ ಇರಲಿಲ್ಲ.

ಕೆಲವು ದಿನಗಳ ಮೇಲೆ ಮೇಷ್ಟ್ರು ಅದೇ ಕರವಸ್ತ್ರ ಹಿಡಿದು ಬಂದರು. ಮೇಜಿನ ಮೇಲೆ ಬಿಚ್ಚಿದರೆ ಒಳಗೆ ಲೇಬಲ್ಲುಗಳು. ಒಂದರಲ್ಲೂ ಅಕ್ಷರವಿಲ್ಲ, ಅಲ್ಲಲ್ಲಿ ಹೊಗೆ ಹಿಡಿದಂಥ ಬೂದು ಕಲೆ ಮಾತ್ರ.

"ನನ್ನ ಮಕ್ಕಳಿಗೆ ಹೆಸರೇ ಇಲ್ಲದ ಹಾಗಾಯ್ತಮ್ಮ," ಅಂದರು ಮೇಷ್ಟ್ರು. ಸಸಿ ಚಿಕ್ಕದಿದ್ದಾಗ ಎಲ್ಲವೂ ಒಂದೇ ಥರ ಕಾಣುತ್ತವಂತೆ. ಹೋದ ವರ್ಷ, ಚೀಟಿಯೇ ಇಲ್ಲದಿದ್ದಾಗ, ದಂತವೈದ್ಯರೊಬ್ಬರು ಖಾರವಿಲ್ಲದ ದೊಣ್ಣೆ ಮೆಣಸಿನ ಸಸಿ ಕೇಳಿದ್ದರಂತೆ. ಇವರು ಊಹೆಯ ಮೇಲೆ ಕೊಟ್ಟಿದ್ದು ಪಕ್ಕದ ಜಾತಿಯಾಗಿತ್ತು. ಮೊದಲ ಕಾಯನ್ನು ಹಸಿಯಾಗಿ ಕಚ್ಚಿದವರು ರೋಗಿಯ ಕುರ್ಚಿಯಲ್ಲಿ ತಾವೇ ಬಾಯಿ ತೆರೆದು ಮಲಗಿದರಂತೆ. ಇನ್ನೊಬ್ಬರು ಹೆಂಡತಿಗೆಂದು ಬಿಳಿ ಗುಲಾಬಿ ನೆಟ್ಟರೆ ಕೆಂಪು ಅರಳಿತಂತೆ, ಕೆಂಪು ಯಾರಿಗೆ ಇಷ್ಟ ಎಂದು ಹೆಂಡತಿ ಇನ್ನೂ ವಿಚಾರಣೆ ನಡೆಸುತ್ತಿದ್ದಾಳಂತೆ. ನಾನು ನಕ್ಕು ನಕ್ಕು ಮೇಜಿನ ಮೇಲೆ ಬಿದ್ದೆ. ಮೇಷ್ಟ್ರೂ ನಕ್ಕರು. ಚಿಕ್ಕಮ್ಮ ಮಾತ್ರ ನಗಲಿಲ್ಲ. ಲೇಬಲ್ ಎತ್ತಿ ಹಿಡಿದು ಅವಳು ನಿಂತ ರೀತಿ ನೋಡಿದರೆ ಯಾರೋ ಅವಳ ಕೆನ್ನೆಗೆ ಹೊಡೆದಿದ್ದಾರೆ ಅನ್ನಿಸುತ್ತಿತ್ತು.

ಪಕ್ಕದ ಗೂಡಂಗಡಿಯ ಬೀಗದವನು ಇಂಥದ್ದಕ್ಕೇ ಕಾದವನ ಹಾಗೆ ತಲೆ ಒಳಗೆ ಹಾಕಿದ. ಅವನದು ದಿನವೆಲ್ಲ ಬೀಗದ ತೂತು ನೋಡುವ ಕಸುಬು. ಬೇರೆಯವರ ವಿಷಯದಲ್ಲಿ ಇಣುಕದೆ ಇರಲು ಅವನಿಂದ ಆಗದು.

"ಏನು ಉಗುರಕ್ಕ, ಅಳಿಸಿತಾ? ಬೋರ್ಡ್ ಇಳಿಸೋಕೆ ಏಣಿ ಬೇಕಾದ್ರೆ ಹೇಳಿ, ನನ್ನ ಹತ್ರ ಇದೆ."

ಚಿಕ್ಕಮ್ಮನಿಗೆ ರೇಗಿತು. "ಹೊಸದು ಕೊಡ್ತೀನಿ. ಮತ್ತೆ ಅಳಿಸಿದ್ರೆ ನೀನೇ ಬಂದು ಬೋರ್ಡ್ ಇಳಿಸು, ನಾನು ಏಣಿ ಹಿಡ್ಕೋತೀನಿ!" ಅಂದಳು, ಇಡೀ ಗಲ್ಲಿಗೆ ಕೇಳುವ ಹಾಗೆ. ಎದುರಿನ ಅಂಗಡಿಗಳವರು ಹೊರಬಂದು ನಿಂತಿದ್ದರು. ಆಡಿದ ಮಾತು ವಾಪಸು ತೆಗೆದುಕೊಳ್ಳುವ ಜಾಯಮಾನ ಅವಳದಲ್ಲ. ಬೋರ್ಡು ಆ ಕ್ಷಣದಿಂದ ತೂಗುಯ್ಯಾಲೆಯಲ್ಲಿ ಕೂತಿತು.

ಯಂತ್ರದ ತಲೆಯ ಬಿಸಿ ಸಾಲದೆ ಬಣ್ಣ ಸರಿಯಾಗಿ ಕೂತಿಲ್ಲ ಎಂದು ಅವಳ ತೀರ್ಮಾನ. ಬಿಸಿ ಏರಿಸಿ, ಅದೇ ನಡುವಿನ ರಿಬ್ಬನ್ನಿನಲ್ಲಿ ಮತ್ತೆ ಮುದ್ರಿಸಲು ಕೂತಳು. ಮೇಷ್ಟ್ರು ಸ್ಟೂಲಿನ ಮೇಲೆ ಕೂತು, ನಿಂಬೆಯ ಸಸಿ ಬಹಳ ಸಂಕೋಚದ ಮಗು, ಹೊಗಳಿದರೆ ಮಾತ್ರ ಚಿಗುರುತ್ತದೆ ಎಂದು ಹೇಳುತ್ತಿದ್ದರು. ಯಂತ್ರ ಗುರ್ ಎಂದಿತು, ಲೇಬಲ್ಲುಗಳು ಸಾಲಾಗಿ ಹೊರಬಂದವು. ಒಂದಕ್ಕಿಂತ ಒಂದು ಬಿಳಿ. ಒಂದಕ್ಷರವೂ ಇಲ್ಲ.

ನಾನು ರಿಬ್ಬನ್ ನೋಡಿದೆ. ನನ್ನ ಕಣ್ಣನ್ನು ನಾನೇ ನಂಬಲಿಲ್ಲ. ಚಿಕ್ಕಮ್ಮ ರಿಬ್ಬನ್ನನ್ನು ಒಳಗು ಹೊರಗು ಮಾಡಿ ಹಾಕಿದ್ದಳು. ಬಣ್ಣದ ಬದಿ ಲೇಬಲ್ಲಿಗೆ ತಾಗುವ ಬದಲು ತಲೆಗೆ ತಾಗಿ, ತಲೆಗೆಲ್ಲ ಮಸಿ. ಈ ತಪ್ಪನ್ನು ಅಂಗಡಿಗೆ ಕಾಲಿಟ್ಟ ಮೊದಲ ದಿನ ಎಲ್ಲರೂ ಮಾಡುತ್ತಾರೆ. ಚಿಕ್ಕಮ್ಮ ಆ ಮೊದಲ ದಿನವೂ ಮಾಡಿದವಳಲ್ಲ ಎಂದು ಪ್ರತೀತಿ.

"ಯಂತ್ರಕ್ಕೆ ಏನೋ ಆಗಿದೆ," ಅಂದಳು, ಹತ್ತಿಗೆ ಸ್ಪಿರಿಟ್ ಹಾಕಿ ಅದರ ತಲೆ ಒರೆಸುತ್ತ. ಕಿವಿ ಕೆಂಪಾಗಿತ್ತು.

"ಯಂತ್ರಕ್ಕಾ?" ಅಂದೆ ನಾನು. ಅವಳು ನನ್ನತ್ತ ಎತ್ತಿದ ಉಗುರು ನೋಡಿ ಬಾಯಿ ಮುಚ್ಚಿಕೊಂಡೆ. ಅವಳು ರಿಬ್ಬನ್ ಸರಿಮಾಡಿ ಮತ್ತೆ ಮುದ್ರಿಸಿಕೊಟ್ಟಳು, ಮೇಷ್ಟ್ರು ಒಯ್ದರು. ಮನೆಗೆ ಹೋಗಿ ಅಮ್ಮನಿಗೆ ಹೇಳಿದರೆ ಅಮ್ಮ ಸೌಟು ಹಿಡಿದುಕೊಂಡೇ ಅಡುಗೆಮನೆಯಲ್ಲಿ ಒಂದು ಸುತ್ತು ಕುಣಿದಳು. "ನನ್ನ ತಂಗಿ ರಿಬ್ಬನ್ ಉಲ್ಟಾ ಹಾಕಿದ್ಲಾ! ಯಾರದು, ಆ ಪುಣ್ಯಾತ್ಮ?" ಎಂದು ಕೇಳಿ, ಮೇಷ್ಟ್ರ ಪೂರ್ವೋತ್ತರವನ್ನೆಲ್ಲ ನನ್ನ ಬಾಯಿಂದ ಹೊರಡಿಸಿದಳು.

ಮೇಷ್ಟ್ರು ಮತ್ತೆ ಬಂದರು. ಕರವಸ್ತ್ರ ಬಿಚ್ಚಿದರು. ಮತ್ತೆ ಬೂದು ಕಲೆ.

ಬೀಗದವನು ಈ ಸಲ ಏಣಿಯನ್ನೇ ಹೊತ್ತು ತಂದು ಬಾಗಿಲಿಗೆ ಒರಗಿಸಿದ. ಚಿಕ್ಕಮ್ಮ ಏಣಿಯನ್ನು ನೋಡಿದಳು, ಬೋರ್ಡನ್ನು ನೋಡಿದಳು. ಮೇಷ್ಟ್ರಿಗೆ ಸಂಕಟವಾಯಿತು. "ಬೋರ್ಡೆಲ್ಲ ಯಾಕೆ ತೆಗೀಬೇಕು? ನಾನೇ ಪೆನ್ನಲ್ಲಿ ಬರ್ಕೋತೀನಿ, ಬಿಡಿ," ಎಂದು ಎದ್ದರು. ಅದು ಗಾಯಕ್ಕೆ ಉಪ್ಪು ಸವರಿದಂತಾಯಿತು.

"ಪೆನ್ನಲ್ಲಾ?" ಅಂದಳು ಚಿಕ್ಕಮ್ಮ. "ನಾಳೆ ಬೆಳಿಗ್ಗೆ ನಿಮ್ಮ ತೋಟಕ್ಕೆ ಬರ್ತೀನಿ. ನನ್ನ ಕಣ್ಣಾರೆ ನೋಡ್ತೀನಿ. ಏಣಿ ಅಲ್ಲೇ ಇರ್ಲಿ."

ಮರುದಿನ ಇಬ್ಬರೂ ಹೋದೆವು. ಮೇಷ್ಟ್ರ ನರ್ಸರಿ ಥೇಟ್ ತರಗತಿ. ಕುಂಡಗಳು ಬೆಂಚಿನ ಸಾಲಿನಂತೆ, ಗಿಡ್ಡವು ಮುಂದೆ, ಉದ್ದವು ಹಿಂದೆ. ಹಸಿರು ಬಲೆಯ ನೆರಳಲ್ಲಿ ಮೇಷ್ಟ್ರು ಹಾಜರಿ ತೆಗೆದುಕೊಳ್ಳುತ್ತಿದ್ದರು. "ನಿಂಬೆ, ಚಿಗುರಿದ್ದೀಯ, ಭೇಷ್. ಪುದೀನ, ನಿನ್ನ ಜಾಗ ಬಿಟ್ಟು ಪಕ್ಕದವರ ಹತ್ರ ಯಾಕೆ ಹೋದೆ? ಗುಲಾಬಿ, ಚುಚ್ಚಬಾರದು." ಕೈಯಲ್ಲಿ ಕಸಿ ಕಟ್ಟುವ ಚಾಕು. ಒಂದು ಗಿಡ ಕತ್ತರಿಸಿ, ಹೆಗಲ ಮೇಲಿನ ಬಟ್ಟೆಯಿಂದ ಚಾಕು ಒರೆಸಿ, ಮುಂದಿನ ಗಿಡಕ್ಕೆ ಹೋಗುತ್ತಿದ್ದರು. ಹೋಗುವ ಮುನ್ನ, ಶಾಲೆಗೆ ಹೊರಟ ಮಗುವಿನ ಮುಖ ಒರೆಸುವಂತೆ, ಅದೇ ಬಟ್ಟೆಯಿಂದ ಕುಂಡದ ಹೆಸರುಚೀಟಿಯನ್ನೂ ಒಮ್ಮೆ ಪ್ರೀತಿಯಿಂದ ಒರೆಸುತ್ತಿದ್ದರು.

ಚಿಕ್ಕಮ್ಮ ನಿಂತಲ್ಲೇ ಮೂಗು ಅರಳಿಸಿದಳು. ಸರಸರ ಹೋಗಿ ಅವರ ಹೆಗಲಿನಿಂದ ಬಟ್ಟೆ ಎಳೆದು ಮೂಸಿದಳು.

"ಇದರಲ್ಲಿ ಏನಿದೆ?"

"ಸ್ಪಿರಿಟ್ಟು. ಒಂದು ಗಿಡದ ರೋಗ ಇನ್ನೊಂದಕ್ಕೆ ಹತ್ತಬಾರದಲ್ಲ, ಅದಕ್ಕೆ ಚಾಕು..."

"ದಿನಾ ಒರೆಸ್ತೀರಾ, ಚೀಟೀನ?"

"ಮಕ್ಕಳ ಮುಖ ದಿನಾ ಒರೆಸಬೇಕಲ್ವಾ?" ಅಂದವರು, ತಮ್ಮ ಕೈಯನ್ನೂ ಬಟ್ಟೆಯನ್ನೂ ಚೀಟಿಯನ್ನೂ ಒಂದರ ನಂತರ ಒಂದು ನೋಡಿದರು. "ಅಯ್ಯೋ," ಅಂದರು. "ಅಯ್ಯಯ್ಯೋ! ನಾನೇನಾ?"

"ಸ್ಪಿರಿಟ್ಟಲ್ಲಿ ನಾನು ಯಂತ್ರದ ತಲೆ ತೊಳೀತೀನಿ ಮಾರಾಯ್ರೇ! ನೀವು ನನ್ನ ಅಕ್ಷರ ತೊಳ್ದಿದ್ದೀರಿ! ಯಾರು ಮುಟ್ತಾರೆ ಅಂದ್ರೆ ಯಾರೂ ಇಲ್ಲ ಅಂದ್ರಲ್ಲ?"

"ನಾನೊಬ್ಬನೇ ಅಂದಿದ್ನಲ್ಲಮ್ಮ," ಅಂದರು ಮೇಷ್ಟ್ರು ಸಣ್ಣ ಧ್ವನಿಯಲ್ಲಿ.

ಅದು ನಿಜವೇ ಆಗಿತ್ತು. ಕೈಯಲ್ಲಿ ಏನು ಹಿಡಿದು ಮುಟ್ಟುತ್ತೀರಿ ಎಂದು ಇವಳು ಕೇಳಿರಲಿಲ್ಲ. ಚಿಕ್ಕಮ್ಮನ ಹೊಟ್ಟೆಯಿಂದ ಒಂದು ನಗು ಹೊರಟಿತು. ಅಂಥ ನಗು ಅವಳಲ್ಲಿದೆ ಎಂದೇ ನನಗೆ ಗೊತ್ತಿರಲಿಲ್ಲ. ನೀರಿನ ತೊಟ್ಟಿಯ ಅಂಚು ಹಿಡಿದು ನಕ್ಕಳು, ಕುಕ್ಕರುಗಾಲಲ್ಲಿ ಕೂತು ನಕ್ಕಳು. ಮೇಷ್ಟ್ರು ಅವಳಿಗೆ ನೀರು ಕೊಡಲು ಹೋಗಿ, ನಗು ತಡೆಯಲಾಗದೆ, ಚೊಂಬಿನ ನೀರನ್ನೆಲ್ಲ ಪುದೀನದ ಮೇಲೆ ಚೆಲ್ಲಿದರು. ನಾನು ಯಾಕೆ ನಗುತ್ತಿದ್ದೇನೆ ಎಂದು ತಿಳಿಯದೆ ನಕ್ಕೆ.

ಅಂಗಡಿಗೆ ವಾಪಸು ಬಂದವಳೇ ಮೇಲಿನ ಹಲಗೆಯಿಂದ ಗಟ್ಟಿ ರಿಬ್ಬನ್ ಇಳಿಸಿದಳು. ಅದಕ್ಕೆ ಹೊಂದುವ ದಪ್ಪ ಲೇಬಲ್ ಏರಿಸಿದಳು. ಬಿಸಿ ಹೆಚ್ಚಾದರೆ ರಿಬ್ಬನ್ ಸುಕ್ಕಾಗಿ ಹರಿಯುತ್ತದೆ, ಕಡಿಮೆಯಾದರೆ ಅಕ್ಷರ ಅರ್ಧಂಬರ್ಧ ಕೂರುತ್ತದೆ. ಸ್ವಲ್ಪ ಏರಿಸಿ, ಸ್ವಲ್ಪ ಇಳಿಸಿ, ವೇಗ ತಗ್ಗಿಸಿ, ಕಡೆಗೆ ಕಪ್ಪಗೆ ಮಿರಮಿರ ಮಿಂಚುವ ಒಂದು "ನಿಂಬೆ" ಹೊರಬಂತು. ಅದನ್ನು ಸ್ಪಿರಿಟ್ ತುಂಬಿದ ಲೋಟಕ್ಕೆ ಹಾಕಿ, ಊಟ ಮುಗಿಸಿ ಬಂದು ತೆಗೆದು, ಬಟ್ಟೆಯಿಂದ ತಿಕ್ಕಿದಳು. ಉಗುರಿನಿಂದ ಗೀರಿದಳು. ನಿಂಬೆ ಕದಲಲಿಲ್ಲ. ಚಿಕ್ಕಮ್ಮ ಆ ಲೇಬಲ್ಲನ್ನು ಬೀಗದವನ ಹಣೆಗೆ ಅಂಟಿಸಿ ಬಂದಳು. ಅವನು ಏಣಿ ಹೊತ್ತುಕೊಂಡು ಹೋದ.

ಮೇಷ್ಟ್ರು ಹೊಸ ಲೇಬಲ್ಲುಗಳನ್ನು ತೆಗೆದುಕೊಂಡು ಹೋದರು. ಬೋರ್ಡು ಉಳಿಯಿತು. ಕಥೆ ಅಲ್ಲಿಗೆ ಮುಗಿಯಬೇಕಿತ್ತು, ಯಾಕೆಂದರೆ ಮೇಷ್ಟ್ರು ಆಮೇಲೆ ಬರಲಿಲ್ಲ.

ಬರುವುದಾದರೂ ಯಾಕೆ? ಅಕ್ಷರ ಗಟ್ಟಿಯಾಗಿ ಕೂತಿತ್ತು. ಗೆದ್ದವಳು ಚಿಕ್ಕಮ್ಮ, ಆದರೆ ಗೆದ್ದವರ ಕಳೆ ಅವಳ ಮುಖದಲ್ಲಿರಲಿಲ್ಲ. ಸಾಬೂನಿನವರು ಬಂದು ಇದನ್ನು ಯಾರೂ ಮುಟ್ಟುವುದಿಲ್ಲ ಎಂದಾಗ, "ಹೌದಾ, ಸರಿ," ಅಂದುಬಿಟ್ಟಳು. ಗಲ್ಲಿಯಲ್ಲಿ ಯಾರದಾದರೂ ಚಪ್ಪಲಿ ಸದ್ದಾದರೆ ತಲೆ ಎತ್ತುವಳು, ಮತ್ತೆ ಬಗ್ಗಿಸುವಳು. ಅಮ್ಮ ಒಂದು ಸೀತಾಫಲ ತಂದು ಕೊಟ್ಟರೆ ಗೀರದೆ ಹಾಗೇ ತಿಂದಳು. ಅಮ್ಮ ನನ್ನ ಕಡೆ ನೋಡಿ ಕಣ್ಣು ಅಗಲಿಸಿದಳು.

"ನೀನೇ ಹೋಗಿ ನೋಡ್ಕೊಂಡು ಬಾರೇ," ಅಂದಳು ಅಮ್ಮ. "ಲೇಬಲ್ ಹೇಗಿದೆ ಅಂತ ಕೇಳು."

"ನನ್ನ ಲೇಬಲ್ ಹೇಗಿದೆ ಅಂತ ನಾನು ಕೇಳ್ಬೇಕಾ? ಅದು ಅಳಿಸಲ್ಲ. ನಂಗೊತ್ತು." ಹಾಗೆಂದು ಮಹಡಿ ಹತ್ತಿಹೋದಳು. ಮೆಟ್ಟಿಲ ಮೇಲೆ ಅವಳ ಹೆಜ್ಜೆ ಎಂದಿಗಿಂತ ಭಾರವಾಗಿತ್ತು. ನನಗೆ ಅಳು ಬಂತು, ಕೋಪವೂ ಬಂತು. ಇಷ್ಟು ಒಳ್ಳೆಯ ರಿಬ್ಬನ್ ಆರಿಸಬೇಕಿತ್ತೇ? ಸ್ವಲ್ಪ ಮೆತ್ತಗಿನದು ಹಾಕಿದ್ದರೆ ಗಂಟೇನು ಹೋಗುತ್ತಿತ್ತು?

ಒಂದು ಮಧ್ಯಾಹ್ನ, ಬಿಸಿಲಿಗೆ ಗಲ್ಲಿಯೆಲ್ಲ ತೂಕಡಿಸುತ್ತಿದ್ದಾಗ, ಮೇಷ್ಟ್ರು ಬಂದರು. ಒಗೆದ ಅಂಗಿ, ಕಾಲಲ್ಲಿ ಮಣ್ಣಿಲ್ಲ. ಕೈಯಲ್ಲಿ ಕರವಸ್ತ್ರ. ಮೇಜಿನ ಮೇಲಿಟ್ಟು ಬಿಚ್ಚಿದರು. ಒಳಗೆ ಒಂದೇ ಒಂದು ಲೇಬಲ್, ತೊಳೆದಿಟ್ಟ ತಟ್ಟೆಯಷ್ಟು ಖಾಲಿ.

"ಅಳಿಸಿಹೋಯ್ತಮ್ಮ," ಅಂದರು, ಫ್ಯಾನು ನೋಡುತ್ತ.

ಬೀಗದವನಿಗೆ ಅದು ಹೇಗೆ ಕೇಳಿತೋ, ಏಣಿಯ ಸಮೇತ ಬಾಗಿಲಲ್ಲಿ ಹಾಜರಾದ. ಅವನ ಹಿಂದೆ ಎದುರಿನ ಅಂಗಡಿಗಳವರು. ಆದರೆ ಈ ಸಲ ಯಾರೂ ತಮಾಷೆ ಮಾಡಲಿಲ್ಲ. ಗಟ್ಟಿ ರಿಬ್ಬನ್ನೂ ಅಳಿಸಿತು ಅಂದರೆ ಅದಕ್ಕಿಂತ ಗಟ್ಟಿಯದು ಅಂಗಡಿಯಲ್ಲಿಲ್ಲ ಎಂದು ಎಲ್ಲರಿಗೂ ತಿಳಿದಿತ್ತು.

"ಇಳಿಸ್ಲಾ, ಅಕ್ಕಾ?" ಅಂದ ಬೀಗದವನು, ಮೆಲ್ಲಗೆ.

ಚಿಕ್ಕಮ್ಮ ಲೇಬಲ್ ಎತ್ತಿಕೊಂಡಳು. ಉಗುರು ಮೇಲೆ ಬಂತು, ಹಾಗೇ ನಿಂತಿತು. ಗೀರುವ ಬದಲು ಮೂಗಿನ ಹತ್ತಿರ ಹಿಡಿದು ಮೂಸಿದಳು. ಇನ್ನೊಮ್ಮೆ ಮೂಸಿದಳು. ಆಮೇಲೆ ಅದನ್ನು ನನ್ನ ಮೂಗಿಗೆ ಹಿಡಿದಳು.

"ಇದು ಯಾವ ವಾಸನೆ? ನಿನ್ನ ಕೋಣೇಲಿ ಬರುತ್ತಲ್ಲ?"

ನನಗೆ ಒಂದೇ ಉಸಿರಿಗೆ ತಿಳಿಯಿತು. ಉಗುರಿನ ಬಣ್ಣ ತೆಗೆಯಲು ನಾನು ಹಚ್ಚುವ ರಿಮೂವರ್. ಗಟ್ಟಿ ರಿಬ್ಬನ್ನನ್ನೂ ಕರಗಿಸಬಲ್ಲದು ಅದೊಂದೇ. ಮೇಷ್ಟ್ರ ಕೈ ನೋಡಿದೆ. ಮಣ್ಣು ತುಂಬಿದ, ಬಿರುಕುಬಿಟ್ಟ ಉಗುರುಗಳು. ಬಣ್ಣದ ಗಂಧಗಾಳಿ ಇಲ್ಲ.

"ನಿಮ್ಮ ನಿಂಬೆ ಉಗುರಿಗೆ ಬಣ್ಣ ಹಚ್ಕೊಳ್ಳುತ್ತಾ?" ಅಂದಳು ಚಿಕ್ಕಮ್ಮ.

ಮೇಷ್ಟ್ರ ಮುಖ ಟೊಮೆಟೊ ಆಯಿತು. ಇಷ್ಟು ವರ್ಷ ಮಕ್ಕಳ ಸುಳ್ಳು ಹಿಡಿದವರಿಗೆ ತಮ್ಮ ಸುಳ್ಳನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. "ಮೊದಲು ಸ್ಪಿರಿಟ್ಟಲ್ಲಿ ಉಜ್ಜಿದೆ, ಹೋಗಲಿಲ್ಲ," ಅಂದರು. "ಸೀಮೆಎಣ್ಣೇಲಿ ಉಜ್ಜಿದೆ. ಬೂದಿ ಹಾಕಿ ಉಜ್ಜಿದೆ. ಏನು ಮಾಡಿದ್ರೂ ಹೋಗ್ಲಿಲ್ಲ. ಕಡೆಗೆ ಫ್ಯಾನ್ಸಿ ಅಂಗಡಿಗೆ ಹೋದೆ. ನಿಮಗೆ ಯಾವ ಬಣ್ಣ ತೆಗೀಬೇಕು ಅಂತ ಆ ಹುಡುಗಿ ಕೇಳಿದ್ಲು. ಕಪ್ಪು ಅಂದೆ. ಅವಳು ನನ್ನನ್ನ ಮೇಲಿಂದ ಕೆಳಗೆ ನೋಡಿದ್ಲು."

ಗಲ್ಲಿಯಲ್ಲಿ ಯಾರೋ ಕಿಸಕ್ಕೆಂದರು.

"ಯಾಕೆ ಅಳಿಸಿದ್ರಿ?"

"ಲೇಬಲ್ ಚೆನ್ನಾಗಿದ್ರೆ ಇಲ್ಲಿಗೆ ಏನಂತ ಬರ್ಲಿ?" ಅಂದರು ಮೇಷ್ಟ್ರು. ಈಗ ಅವರು ಫ್ಯಾನು ನೋಡುತ್ತಿರಲಿಲ್ಲ. "ಆ ದಿನ ತೊಟ್ಟಿ ಹತ್ರ ನೀವು ನಕ್ಕಿದ್ರಲ್ಲ. ಅವತ್ತಿಂದ ತೋಟ ಬಿಕೋ ಅನ್ನುತ್ತೆ. ಹಾಜರಿ ಕರೆದ್ರೆ ಒಬ್ಬರು ಕಡಿಮೆ ಅನ್ನಿಸುತ್ತೆ."

ಚಿಕ್ಕಮ್ಮ ತನ್ನ ಹೆಬ್ಬೆರಳಿನ ಉಗುರನ್ನು ನೋಡಿಕೊಂಡಳು. ಎಷ್ಟೋ ವರ್ಷದ ಹಿಂದೆ ಉಗುರಿನ ಸಂದಿಗೆ ಬಂದ ಚಿನ್ನ ಅವಳಿಗೆ ನೆನಪಾಗಿರಬೇಕು ಎಂದು ನನಗೆ ಭಯವಾಯಿತು. ಬೇಡ ಎಂದುಬಿಟ್ಟರೆ ಇವರು ಮತ್ತೆ ಬರುವುದಿಲ್ಲ, ಇವಳು ಮತ್ತೆ ಹಾಗೆ ನಗುವುದಿಲ್ಲ. ನಾನು ಕುರ್ಚಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ಅವಳು ಬಾಗಿಲ ಕಡೆ ತಿರುಗಿ, "ಏಣಿ ತಗೊಂಡು ಹೋಗೋ," ಅಂದಳು. "ರಿಬ್ಬನ್ ಅಳಿಸಿಲ್ಲ. ಇವರು ಅಳಿಸಿದ್ದು."

ಯಾರೂ ಕದಲಲಿಲ್ಲ. ಬೀಗದವನು ಏಣಿಯ ಎರಡನೇ ಮೆಟ್ಟಿಲು ಹತ್ತಿ ಇನ್ನೂ ಚೆನ್ನಾಗಿ ಕಾಣುವ ಹಾಗೆ ನಿಂತ.

ಚಿಕ್ಕಮ್ಮ ಮೇಜಿನ ಮೇಲಿಂದ ಕೈ ಚಾಚಿದಳು. ಮೇಷ್ಟ್ರು ಏನೆಂದು ತಿಳಿಯದೆ ತಮ್ಮ ಕೈ ಕೊಟ್ಟರು. ಅವಳು ಆ ಕೈಯ ಹಿಂಬದಿಯ ಮೇಲೆ ತನ್ನ ಹೆಬ್ಬೆರಳಿನ ಉಗುರನ್ನು ಮಣಿಕಟ್ಟಿನಿಂದ ಬೆರಳಿನವರೆಗೂ ಮೆಲ್ಲಗೆ ಎಳೆದಳು. ಬಿಳಿ ಗೆರೆ ಮೂಡಿ, ಕೆಂಪಾಗಿ, ನಿಂತಿತು. ಮೇಷ್ಟ್ರು ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಉಗುರಿನ ಸಂದಿಯಲ್ಲಿ ಸಿಕ್ಕಿದ್ದು ಒಂದಿ‌ಷ್ಟು ಮಣ್ಣು.

"ಯಾರು ಮುಟ್ತಾರೆ?" ಅಂದಳು.

"ನೀವೊಬ್ಬರೇ," ಅಂದರು ಮೇಷ್ಟ್ರು.

"ಎಷ್ಟು ದಿನ ಇರಬೇಕು?"

"ನಾನು ಇರೋವರೆಗೂ."

ಚಿಕ್ಕಮ್ಮ ಅವರ ಕೈ ಬಿಡದೆ ನನ್ನ ಕಡೆ ನೋಡಿದಳು. ಕಣ್ಣು ತುಂಬಿತ್ತು, ಬಾಯಿ ಕಿವಿಯವರೆಗೂ ಹೋಗಿತ್ತು.

"ಮೇಲಿನ ಹಲಗೆಯಿಂದ ಗಟ್ಟೀದು ಇಳಿಸು," ಅಂದಳು. "ನಿಂಬೆಗೆ ಹೆಸರಿಲ್ಲ, ಪಾಪ. ಇವತ್ತು ರಿಬ್ಬನ್ ನೀನೇ ಹಾಕು. ನಾನು ಹಾಕಿದ್ರೆ ಉಲ್ಟಾ ಆಗುತ್ತೆ."